ಎರೆಮಣ್ಣಿನ ದಾರಿಯಲ್ಲಿ ಬ್ರೇಕು

ಹುನಗುಂದದಿಂದ ಇಳಕಲ್ಲಿಗೆ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊರಟ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತಿರುತ್ತದೆ. ಒಣ ಡಾಂಬರಿನ ಮೇಲೆ ಬಲವಾಗಿ ಬ್ರೇಕ್ ಒತ್ತಿದರೂ ಅದು ನಿಲ್ಲಲು ಸುಮಾರು 35 ಮೀಟರ್ ಬೇಕು. ಹೊಲದಿಂದೆದ್ದು ಬಂದ ಟ್ರ್ಯಾಕ್ಟರ್ ರಸ್ತೆಗೆ ಎರೆಮಣ್ಣು ಮೆತ್ತಿ ಹೋಗಿ, ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಟಯರಿನ ಹಿಡಿತ ಅರ್ಧಕ್ಕೂ ಕೆಳಗಿಳಿದು, ಆ ದೂರ ಇಮ್ಮಡಿ ಮೀರುತ್ತದೆ. ಇರುವಷ್ಟು ಹಿಡಿತ ಪೋಲಾಗದಂತೆ ನೋಡಿಕೊಳ್ಳುವುದೇ ಬ್ರೇಕಿನ ಶತಮಾನದ ಕಥೆ.

ಮೊದಮೊದಲು ಸರಳು, ಕೇಬಲ್ಲುಗಳೇ ಬ್ರೇಕ್ ಎಳೆಯುತ್ತಿದ್ದವು. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕ್ ತಂದಿತು: ಪೆಡಲಿನ ಒತ್ತಡವನ್ನು ಪೈಪಿನೊಳಗಿನ ಬ್ರೇಕ್ ಆಯಿಲ್ ಎಲ್ಲ ಗಾಲಿಗೂ ಮುಟ್ಟಿಸುತ್ತದೆ. ಗ್ಯಾರೇಜಿನವರು 'ಏರ್ ಹಿಡಿದಿದೆ' ಎನ್ನುವುದು ಇಲ್ಲಿಯೇ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ತಳ ಮುಟ್ಟಿದರೂ ಬ್ರೇಕ್ ಹತ್ತುವುದಿಲ್ಲ. ನಮ್ಮ ಹಳೆಯ ಅಂಬಾಸಡರ್‌ಗಳ ಡ್ರಮ್ ಬ್ರೇಕು ಉದ್ದನೆಯ ಇಳಿಜಾರಿನಲ್ಲಿ ಕಾದು ಸೋಲುತ್ತಿತ್ತು. ಗಾಳಿಗೆ ತೆರೆದಿರುವ ಡಿಸ್ಕ್ ಬೇಗ ತಣಿಯುತ್ತದೆ. 1953ರ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಅದನ್ನು ಜಗತ್ತಿಗೆ ತೋರಿಸಿತು.

ಬ್ರೇಕು ಬಲವಾದಂತೆ ಗಾಲಿ ಜಾಮ್ ಆಗುವ ತೊಂದರೆ ಎದುರಾಯಿತು. ತಿರುಗದ ಗಾಲಿ ಜಾರುತ್ತದೆ. ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ. ಪರಿಹಾರ ಮೊದಲು ಸಿಕ್ಕಿದ್ದು ವಿಮಾನಗಳಿಗೆ. ಗಾಲಿ ಜಾಮ್ ಆಗದಂತೆ ತಡೆಯುವ, ಕಾರಿಗೆ ಒಪ್ಪುವ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು 1978ರಲ್ಲಿ ಮರ್ಸಿಡಿಸ್‌ಗೆ ಕೊಟ್ಟದ್ದು ಬಾಷ್, ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂದು ನಮಗೆ ಪರಿಚಯವಾದ ಕಂಪನಿಯ ಮೂಲಸಂಸ್ಥೆ. ಪ್ರತಿ ಗಾಲಿಯ ಸೆನ್ಸರ್ ವೇಗ ಅಳೆಯುತ್ತದೆ. ಒಂದು ಗಾಲಿ ಥಟ್ಟನೆ ನಿಲ್ಲುವಂತಾದರೆ ವಾಲ್ವು ಆಯಿಲಿನ ಒತ್ತಡ ಇಳಿಸಿ, ಮತ್ತೆ ಏರಿಸುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಆಗ ಪೆಡಲು ಪಾದದಡಿ ಗಡಗಡ ನಡುಗುತ್ತದೆ. ಬ್ರೇಕ್ ಕೆಟ್ಟಿತೆಂದು ಹೆದರಿ ಕಾಲೆತ್ತುವವರು ಇಂದಿಗೂ ಇದ್ದಾರೆ. ಪಂಪ್ ಹೊಡೆದು ಬ್ರೇಕ್ ಹಾಕುವ ಹಳೆಯ ರೂಢಿಯೂ ಇದೆ. ಎರಡೂ ತಪ್ಪು. ಒತ್ತಿದ ಕಾಲು ತೆಗೆಯಬಾರದು, ಕಣ್ಣು ಮತ್ತು ಸ್ಟಿಯರಿಂಗು ಹೋಗಬೇಕಾದ ದಾರಿಯ ಕಡೆಗಿರಬೇಕು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವಿಂಗ್ ಕಲಿಸುವವರು ಪೆಡಲಿನ ಈ ನಡುಕವನ್ನು ಒಮ್ಮೆಯಾದರೂ ಖಾಲಿ ಮೈದಾನದಲ್ಲಿ ಮಾಡಿಸಿ ತೋರಿಸಬೇಕು.

ಮುಂದಿನ ಹೆಜ್ಜೆ, ಕಾರು ಗಿರಕಿ ಹೊಡೆಯದಂತೆ ಕಾಯುವ ಇಎಸ್‌ಸಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಾಗ ಎಡದಿಂದ ಕುರಿಹಿಂಡು ಅಡ್ಡ ಬಂತೆನ್ನಿ. ಚಾಲಕ ಬಲಕ್ಕೆ ಎಳೆದು, ತಕ್ಷಣ ಎಡಕ್ಕೆ ತರುತ್ತಾನೆ. ಕಾರಿನ ಹಿಂಬದಿ ಬಲಕ್ಕೆ ಜಾರಿ, ಕಾರು ಗಿರಕಿ ಹೊಡೆಯಲು ಹೊರಡುತ್ತದೆ. ಸ್ಟಿಯರಿಂಗಿನ ಕೋನ ಹೇಳುವುದೇನು, ಕಾರು ನಿಜವಾಗಿ ತಿರುಗುತ್ತಿರುವುದೆಷ್ಟು ಎಂದು ಕಂಪ್ಯೂಟರ್ ಹೋಲಿಸುತ್ತಲೇ ಇರುತ್ತದೆ. ವ್ಯತ್ಯಾಸ ಕಂಡೊಡನೆ ಮುಂದಿನ ಬಲಗಾಲಿಯೊಂದಕ್ಕೇ ಬ್ರೇಕ್ ಹಾಕಿ ಗಿರಕಿ ತಡೆಯುತ್ತದೆ. ಬೇಕಾದರೆ ಎಂಜಿನ್ ಶಕ್ತಿಯನ್ನೂ ತಗ್ಗಿಸುತ್ತದೆ. ನಾಲ್ಕು ಗಾಲಿಗಳಲ್ಲಿ ಒಂದನ್ನೇ ಆರಿಸಿ ಹಿಡಿಯುವುದು ಎಂಥ ನುರಿತ ಚಾಲಕನ ಕಾಲಿಗೂ ಆಗದ ಕೆಲಸ. 1995ರಲ್ಲಿ ಮರ್ಸಿಡಿಸ್‌ನಲ್ಲಿ ಬಂದ ಇದು, 1997ರಲ್ಲಿ ಅದೇ ಕಂಪನಿಯ ಚಿಕ್ಕ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯಲ್ಲಿ ಮಗುಚಿದ ಮೇಲೆ ಸಣ್ಣ ಕಾರುಗಳಿಗೂ ಇಳಿಯಿತು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಸ್ಟಾರ್ ಅಥವಾ ಅದಕ್ಕಿಂತ ಹೆಚ್ಚು ಪಡೆಯಬೇಕಾದರೆ ಇಎಸ್‌ಸಿ ಇರಲೇಬೇಕು.

ಆದರೆ ಸವೆದ ಟಯರಿಗೆ ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಕೊಡಲಾರದು. ಇನ್ನೊಂದು ಮಾತು ನಮ್ಮ ಜಿಲ್ಲೆಯದೇ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಇದೇ ರಸ್ತೆಗಳಿಗಿಳಿಯುತ್ತವೆ. ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಅಷ್ಟೂ ಭಾರ ತಡೆಯಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿ. ಇಳಿಜಾರಿನಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ನೂಕುತ್ತದೆ. ಹಂಗಾಮು ಶುರುವಾಗುವ ಮೊದಲು, ಟ್ರೇಲರಿಗೆ ಬ್ರೇಕು ಮತ್ತು ಹಿಂದೆ ರಿಫ್ಲೆಕ್ಟರ್ ಇದ್ದವರೊಂದಿಗೆ ಮಾತ್ರ ಕಾರ್ಖಾನೆಗಳು ಸಾಗಣೆಯ ಕರಾರು ಮಾಡಿಕೊಳ್ಳಬೇಕು.