ವೀರಗಲ್ಲನ್ನು ಕೆಳಗಿನಿಂದ ಓದಬೇಕು

ಚರಂಡಿ ಕಾಮಗಾರಿ ಸುದ್ದಿಗೆಂದು ಹಳ್ಳಿಯೊಂದಕ್ಕೆ ಹೋಗಿದ್ದೆ. ಗುಡಿ ಪಕ್ಕದ ವೀರಗಲ್ಲಿನ ಬುಡಕ್ಕೆ ಒಂದೂವರೆ ಅಡಿ ಕಾಂಕ್ರೀಟ್ ಬಿದ್ದಿತ್ತು. "ಕಲ್ಲು ಭದ್ರ ಆಯ್ತು ಬಿಡಿ ಸಾರ್" ಅಂದರು ಮೇಸ್ತ್ರಿ.

ಭದ್ರವೇನೋ ಆಯಿತು. ಆದರೆ ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾದಾಟ. ನಡುವೆ, ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಮೇಲೆ ಆತ ಶಿವಲಿಂಗದ ಮುಂದೆ ಇರುತ್ತಾನೆ, ಪಕ್ಕದಲ್ಲಿ ನಂದಿ. ತುದಿಯಲ್ಲಿ ಸೂರ್ಯ, ಚಂದ್ರ. ಮೇಲಿನ ಎರಡು ಪಟ್ಟಿಕೆ ಯಾವ ಊರಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ. ಆ ಮನುಷ್ಯ ಯಾಕೆ ಸತ್ತ ಅನ್ನುವುದು ಇರುವುದು ಕೆಳಗಿನದರಲ್ಲಿ. ದನಗಳನ್ನು ಕೆತ್ತಿದ್ದರೆ ಅದು ತುರುಗೋಳ್, ಅಂದರೆ ವೈರಿಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ಹುಲಿ ಇದ್ದರೆ ಕಥೆಯೇ ಬೇರೆ.

ಚಿಹ್ನೆಗಳಲ್ಲಿ ಮೂರು ಬಗೆ ಇವೆ ಎಂದು ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಹೇಳಿದ್ದನ್ನು ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಇಂಥ ಕಲ್ಲುಗಳ ಮುಂದೆ. ದನದ ಚಿತ್ರ ದನದ ಹಾಗೇ ಇದೆ, ಅದು ಹೋಲಿಕೆ. ಹೊಗೆ ಕಂಡರೆ ಬೆಂಕಿ ಅನ್ನುವಂತೆ ಕಲ್ಲಿನ ಮೇಲಿನ ಎಣ್ಣೆ ಜಿಡ್ಡು ಕುರುಹು, ಯಾರೋ ಇನ್ನೂ ಪೂಜೆ ಮಾಡುತ್ತಿದ್ದಾರೆ. ಮೂರನೆಯದು ಜನ ಒಪ್ಪಿಕೊಂಡು ಬಂದದ್ದು. ಸೂರ್ಯ ಚಂದ್ರ ಅಂದರೆ 'ಅವರಿರುವ ತನಕ ಈ ಹೆಸರಿರಲಿ' ಎಂದು. ಮಾಸ್ತಿಕಲ್ಲಿನ ಬಳೆ ತೊಟ್ಟ ಕೈಯೂ ಹಾಗೆಯೇ. ಗೊತ್ತಿಲ್ಲದವರಿಗೆ ಅದು ಆಶೀರ್ವಾದದ ಕೈ. ಗೊತ್ತಿದ್ದವರಿಗೆ, ಗಂಡನ ಚಿತೆ ಏರಿದ ಹೆಂಗಸಿನ ಕೈ. ಅವಳು ಒಪ್ಪಿ ಏರಿದಳೋ ಇಲ್ಲವೋ, ಅದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ಮಂಡ್ಯ ಜಿಲ್ಲೆ ಆತಕೂರಿನ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಕಾದಾಡುತ್ತಿವೆ. ಕಾಲ ಕ್ರಿ.ಶ. 949-50. ಚಿತ್ರದ ಜೊತೆ ಶಾಸನವೂ ಇರುವುದರಿಂದ ನಾಯಿಯ ಹೆಸರು ಕಾಳಿ, ಗಂಗ ದೊರೆ ಬೂತುಗನಿಂದ ಅದನ್ನು ಪಡೆದವನು ಮಣಲೇರ, ಕೊನೆಗೆ ಎರಡೂ ಪ್ರಾಣಿಗಳು ಸತ್ತವು ಎಂದು ಇಂದಿಗೂ ಗೊತ್ತು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ.

ನಮ್ಮ ಊರುಗಳ ಎಷ್ಟೋ ವೀರಗಲ್ಲುಗಳಲ್ಲಿ ಒಂದಕ್ಷರವೂ ಇಲ್ಲ. ಇರುವ ದಾಖಲೆ ಚಿತ್ರವೊಂದೇ. ರಸ್ತೆ ಎತ್ತರವಾದಾಗ ಮೊದಲು ಮುಚ್ಚಿಹೋಗುವುದೂ ಆ ಕೆಳಗಿನ ಪಟ್ಟಿಕೆಯೇ.

ಹೊರಡುವ ಮುಂಚೆ ಜಗಲಿ ಮೇಲಿದ್ದ ಅಜ್ಜನನ್ನು ಕೇಳಿದೆ, ಕೆಳಗೆ ಏನಿತ್ತು ಅಂತ.

"ದನ ಇದ್ವು ಕಣಪ್ಪ. ಹುಡುಗ್ರಾಗಿದ್ದಾಗ ಎಣಿಸ್ತಿದ್ವಿ. ಏಳೋ, ಎಂಟೋ."