ಫೋರ್ಡ್‌ಸನ್ ಟ್ರಾಕ್ಟರಿನ ಕಿಡಿಯ ಕಾಲನಿರ್ಣಯ

ಯಂತ್ರಗಳೂ ಒಂದು ಬಗೆಯ ಶಾಸನಗಳೇ ಸರಿ. ಕಲ್ಲಿನ ಮೇಲಣ ಅಕ್ಷರಗಳು ಬರೆಯಿಸಿದವನ ಕಾಲದೇಶಗಳನ್ನು ಸೂಚಿಸುವಂತೆ, ಎರಕದ ಕಬ್ಬಿಣದಲ್ಲಿ ಕೂಡಿಸಿದ ಒಂದೊಂದು ಅಂಗವೂ ಅದನ್ನು ನಿರ್ಮಿಸಿದವರ ಅಗತ್ಯವನ್ನೂ ಅವರಿಗಿದ್ದ ಸಾಧನಗಳನ್ನೂ ತಿಳಿಸುತ್ತದೆ. ಅಮೆರಿಕದ ಹೆನ್ರಿ ಫೋರ್ಡನು ೧೯೧೭ರಲ್ಲಿ ಹೊರತಂದ ಫೋರ್ಡ್‌ಸನ್ ಎಂಬ ಉಳುವ ಯಂತ್ರದ ಮೇಲೆ ಒಂದು ಅಪವಾದವುಂಟು. ಚಳಿಗಾಲದ ಬೆಳಗಿನಲ್ಲಿ ಅದನ್ನು ಹೊರಡಿಸುವುದು ಬಹು ಕಷ್ಟವಾಗಿತ್ತೆಂದೂ, ಬೆಲೆ ತಗ್ಗಿಸುವುದಕ್ಕಾಗಿ ಮಾಡಿದ ಕಳಪೆ ಕೆಲಸವೇ ಅದಕ್ಕೆ ಕಾರಣವೆಂದೂ ಕೆಲವರ ಮತ. ಈ ಪೂರ್ವಪಕ್ಷದ ಮೊದಲರ್ಧವು ದಿಟ. ಎರಡನೆಯ ಅರ್ಧವು ವಿಚಾರಕ್ಕೆ ನಿಲ್ಲುವುದಿಲ್ಲ. ಆ ಯಂತ್ರದಲ್ಲಿ ಕಿಡಿ ಹುಟ್ಟುವ ಕ್ರಮವನ್ನು ಪರಿಶೀಲಿಸಿದರೆ ನಿಜವಾದ ಕಾರಣವು ತಾನಾಗಿಯೇ ವ್ಯಕ್ತವಾಗುವುದು.

ಮೊದಲು ಕಾಲದ ಸ್ಥಿತಿಯನ್ನು ನೋಡಬೇಕು. ೧೯೧೭ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿ ನೌಕೆಗಳು ಯಾವ ಕಟ್ಟುಪಾಡೂ ಇಲ್ಲದೆ ಹಡಗುಗಳನ್ನು ಮುಳುಗಿಸತೊಡಗಿದುವು. ಹೊರಗಿನ ಧಾನ್ಯವನ್ನೇ ಬಹುವಾಗಿ ನಂಬಿದ್ದ ಬ್ರಿಟನ್ನಿಗೆ ಅನ್ನದ ಭಯವು ತಲೆದೋರಿತು. ಉಳುವ ಗಂಡಸರೂ ಕುದುರೆಗಳೂ ರಣರಂಗಕ್ಕೆ ಹೋಗಿದ್ದರು. ಆ ದೇಶದ ಸರ್ಕಾರವು ಫೋರ್ಡನಿಂದ ಸುಮಾರು ೬,೦೦೦ ಟ್ರಾಕ್ಟರುಗಳನ್ನು ತರಿಸಿಕೊಂಡಿತು. ಅವುಗಳನ್ನು ನಡೆಯಿಸಿದವರಲ್ಲಿ ಯಂತ್ರವನ್ನು ಹಿಂದೆ ಮುಟ್ಟಿಯೂ ಅರಿಯದ ಹೆಂಗಸರು ಅನೇಕರಿದ್ದರು. ಆದುದರಿಂದ ಕಿಡಿಯು ಹೊತ್ತಿಗೆ ಸರಿಯಾಗಿ ಬೀಳುವುದು ಬೀಳದಿರುವುದು ಅಂದು ಬರಿಯ ಕಮ್ಮಟದ ವಿಷಯವಾಗಿರಲಿಲ್ಲ. ಬಿತ್ತನೆಯ ಹದ ತಪ್ಪುವ ವಿಷಯವಾಗಿತ್ತು.

ಕಿಡಿಗೆ ಕಾಲನಿಯಮವೇಕೆ? ಸಿಲಿಂಡರಿನೊಳಗೆ ಒತ್ತಲ್ಪಟ್ಟ ಇಂಧನದ ಆವಿಯು ಕಿಡಿ ಸೋಂಕಿದೊಡನೆಯೇ ಪೂರ್ತಿ ಉರಿದುಹೋಗುವುದಿಲ್ಲ. ಜ್ವಾಲೆಯು ಹಬ್ಬುವುದಕ್ಕೆ ಸೆಕೆಂಡಿನ ಕೆಲವು ಸಾವಿರಾಂಶಗಳಾದರೂ ಬೇಕು. ಫೋರ್ಡ್‌ಸನ್ನಿನ ಇಂಜಿನು ನಿಮಿಷಕ್ಕೆ ೧,೦೦೦ ಸುತ್ತು ತಿರುಗುವಾಗ ಒಂದು ಅಂಶದಷ್ಟು ತಿರುಗಲು ಸೆಕೆಂಡಿನ ೬,೦೦೦ದಲ್ಲಿ ಒಂದು ಪಾಲು, ೩೦ ಅಂಶ ತಿರುಗಲು ೨೦೦ರಲ್ಲಿ ಒಂದು ಪಾಲು ಸಾಕು. ಹೀಗಿರುವಲ್ಲಿ ಪಿಸ್ಟನ್ನು ತುದಿ ಮುಟ್ಟಿದ ಮೇಲೆ ಕಿಡಿ ಬಿದ್ದರೆ ಉರಿಯ ಒತ್ತಡವು ಹಿಂದುಳಿದು ಬಲವು ವ್ಯರ್ಥವಾಗುವುದು. ಅದಕ್ಕಾಗಿ ವೇಗದಲ್ಲಿ ಕಿಡಿಯನ್ನು ಮುಂಚಿತವಾಗಿ ಹಾರಿಸಬೇಕು. ಆದರೆ ಕೈಯಿಂದ ಹಿಡಿಕೆ ತಿರುವಿ ಹೊರಡಿಸುವಾಗ ವೇಗವು ಅತ್ಯಲ್ಪ. ಆಗ ಮುಂಚಿತವಾಗಿ ಕಿಡಿ ಬಿದ್ದಿತೆಂದರೆ ಉರಿಯು ಮೇಲೇರುತ್ತಿರುವ ಪಿಸ್ಟನ್ನನ್ನೇ ಹಿಂದಕ್ಕೆ ತಳ್ಳಿ, ಹಿಡಿಕೆಯು ಒದೆದು, ಮಣಿಕಟ್ಟು ಮುರಿಯುವುದು. ಒಂದೇ ಯಂತ್ರಕ್ಕೆ ಎರಡು ಮುಹೂರ್ತಗಳು ಬೇಕೆಂದಾಯಿತು.

ಫೋರ್ಡ್‌ಸನ್ನಿನ ಎಫ್ ಮಾದರಿಯು ಇದಕ್ಕೆ ೧೯೦೮ರ ಟಿ ಮಾದರಿಯ ಮೋಟಾರಿನ ಪದ್ಧತಿಯನ್ನೇ ಅನುಸರಿಸಿತು. ಇಂಜಿನಿನ ಭಾರಚಕ್ರದ ಮೇಲೆ ಅಯಸ್ಕಾಂತಗಳನ್ನು ಬಿಗಿದು, ಅವುಗಳೆದುರಿಗೆ ಅಲುಗಾಡದ ಫಲಕವೊಂದರಲ್ಲಿ ತಂತಿಯ ಸುರುಳಿಗಳನ್ನು ನಿಲ್ಲಿಸಿದ್ದರು. ಚಕ್ರವು ತಿರುಗಿದಂತೆ ಸುರುಳಿಗಳಲ್ಲಿ ಅಲ್ಪಬಲದ ವಿದ್ಯುತ್ತು ಹುಟ್ಟುತ್ತಿತ್ತು. ಅದನ್ನು ಸಿಲಿಂಡರಿಗೊಂದರಂತೆ ನಾಲ್ಕು ಕಂಪನದ ಸುರುಳಿಗಳಿಗೆ ಸರದಿಯಾಗಿ ಒಯ್ಯುವ ಕೆಲಸವು ಟೈಮರ್ ಎಂಬ ಅಂಗಕ್ಕೆ ಸೇರಿದ್ದಿತು. ಸುರುಳಿಯ ತಲೆಯ ಮೇಲಣ ಉಕ್ಕಿನ ನಾಲಗೆಯು ದುಂಬಿಯಂತೆ ಝೇಂಕರಿಸುತ್ತ ವಿದ್ಯುತ್ತನ್ನು ಕಡಿದು ಕೂಡಿಸುವುದರಿಂದ ಪ್ಲಗ್ಗಿನಲ್ಲಿ ಕಿಡಿಗಳ ಸಾಲು ಹಾರುತ್ತಿತ್ತು. ಟೈಮರನ್ನು ಹಿಂದುಮುಂದು ಸರಿಸುವ ಸನ್ನೆಯು ನಡೆಯಿಸುವವನ ಕೈಯಲ್ಲಿತ್ತು. ಎರಡು ಮುಹೂರ್ತಗಳ ನಿರ್ಣಯವನ್ನು ಯಂತ್ರವು ಮನುಷ್ಯನಿಗೇ ಒಪ್ಪಿಸಿತ್ತೆಂಬುದು ಇದರ ತಾತ್ಪರ್ಯ.

ಕಷ್ಟದ ಮೂಲವೂ ಇಲ್ಲಿಯೇ ಇದೆ. ಬ್ಯಾಟರಿಯಿಲ್ಲದ ಈ ಏರ್ಪಾಡಿನಲ್ಲಿ ವಿದ್ಯುತ್ತಿನ ಬಲವು ಚಕ್ರದ ವೇಗವನ್ನು ಅನುಸರಿಸುವುದು. ಚಳಿಯಲ್ಲಿ ಎಣ್ಣೆಯು ಗಟ್ಟಿಯಾಗಿ, ಆ ಎಣ್ಣೆಯಲ್ಲಿಯೇ ಮುಳುಗಿದ್ದ ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು, ಹಿಡಿಕೆಯು ಮೆಲ್ಲನೆ ತಿರುಗುತ್ತಿತ್ತು. ಮೆಲ್ಲನೆ ತಿರುಗಿದರೆ ಕಿಡಿ ಕ್ಷೀಣ; ಕಿಡಿ ಕ್ಷೀಣವಾದರೆ ಇಂಜಿನು ಹೊರಡದು; ಹೊರಡದೆ ವೇಗವಿಲ್ಲ. ಇದು ಅನ್ಯೋನ್ಯಾಶ್ರಯವೆಂಬ ದೋಷಕ್ಕೆ ಒಳ್ಳೆಯ ಉದಾಹರಣೆ. ದೋಷವು ಕೆಲಸದ ಕಳಪೆಯಲ್ಲಿ ಇರಲಿಲ್ಲ, ಆರಿಸಿಕೊಂಡ ತತ್ತ್ವದಲ್ಲಿಯೇ ಇದ್ದಿತು. ಆ ತತ್ತ್ವವು ಅಗ್ಗವಾದುದೆಂಬುದೂ ನಿಜವೇ. ೧೯೧೮ರಲ್ಲಿ ೭೫೦ ಡಾಲರಿದ್ದ ಬೆಲೆಯು ೧೯೨೨ರಲ್ಲಿ ೩೯೫ ಡಾಲರಿಗೆ ಇಳಿಯಿತು. ಹಾಗೆ ಇಳಿಯದಿದ್ದರೆ ೧೯೨೮ರೊಳಗೆ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಮಿಕ್ಕು ಯಂತ್ರಗಳು ಸಿದ್ಧವಾಗುತ್ತಿದ್ದುವೆಂದು ಹೇಳಲಾಗದು.

ಬೇರೆ ಮಾರ್ಗವು ಆಗ ಇರಲಿಲ್ಲವೆ ಎಂದರೆ, ಇತ್ತು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷನ ಕಾರ್ಖಾನೆಯಲ್ಲಿ ಗಾಟ್ಲೊಬ್ ಹೊನೋಲ್ಡನು ೧೯೦೨ರಲ್ಲಿಯೇ ಅಧಿಕಬಲದ ಮ್ಯಾಗ್ನೆಟೊವನ್ನು ಸಿದ್ಧಪಡಿಸಿದ್ದನು. ಬೇರೆ ಸುರುಳಿಗಳ ಪೆಟ್ಟಿಗೆಯೇ ಬೇಡದಂತೆ ಅದೊಂದರಲ್ಲಿಯೇ ಬಲವಾದ ಕಿಡಿ ಹುಟ್ಟುತ್ತಿತ್ತು. ೧೯೧೪ರಲ್ಲಿ ಯುದ್ಧವು ಪ್ರಾರಂಭವಾದಾಗ, ಮ್ಯಾಗ್ನೆಟೊಗಳಿಗೆ ಬಹುಮಟ್ಟಿಗೆ ಶತ್ರುದೇಶವನ್ನೇ ನಂಬಿದ್ದ ಸಂಗತಿಯು ಬ್ರಿಟನ್ನಿಗೆ ದೊಡ್ಡ ಚಿಂತೆಯಾಯಿತು. ಹೀಗಾಗಿ, ತನ್ನ ಭಾರಚಕ್ರದಲ್ಲಿಯೇ ಕಿಡಿಯ ಮೂಲವನ್ನು ಹೊತ್ತುಕೊಂಡಿದ್ದ ಫೋರ್ಡ್‌ಸನ್ನಿಗೆ ಆ ಕಾಲದಲ್ಲಿ ಒಂದು ಸ್ವಾತಂತ್ರ್ಯವಿದ್ದಿತೆಂಬುದನ್ನು ಗಮನಿಸಬೇಕು. ೧೯೨೯ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಿಂದ ಬಂದ ಎನ್ ಮಾದರಿಯು ಅಧಿಕಬಲದ ಮ್ಯಾಗ್ನೆಟೊವನ್ನು ಅಂಗೀಕರಿಸಿತು.

ಉಳಿದಿರುವ ಯಂತ್ರಗಳ ಕಿಡಿಯನ್ನು ಇಂದು ಹದಗೊಳಿಸುವವರು ಈ ಭೇದವನ್ನು ಅರಿತಿರುವುದು ಆವಶ್ಯಕ. ಎಫ್ ಮಾದರಿಯಲ್ಲಿ ಮೊದಲು ನೋಡತಕ್ಕದ್ದು ಅಯಸ್ಕಾಂತಗಳ ಬಲ, ಅವುಗಳಿಗೂ ಸುರುಳಿಗಳಿಗೂ ನಡುವಣ ಅಂತರ. ಬೇರಿಂಗು ಸವೆದರೆ ಈ ಅಂತರವೂ ಕೆಡುವುದು. ಬಳಿಕ ನಾಲ್ಕು ನಾಲಗೆಗಳನ್ನೂ ಸಮನಾಗಿ ಹೊಂದಿಸಬೇಕು. ಒಂದು ತಡವಾಗಿ ಮಿಡಿದರೂ ಆ ಸಿಲಿಂಡರಿನ ಕಿಡಿಯು ಹಿಂದುಳಿಯುವುದು. ಕೊನೆಯಲ್ಲಿ, ಸನ್ನೆಯನ್ನು ಪೂರ್ತಿ ಹಿಂದಕ್ಕಿಟ್ಟಾಗ ಪಿಸ್ಟನ್ನು ತುದಿಯನ್ನು ದಾಟಿದ ಮೇಲೆಯೇ ಕಿಡಿ ಬೀಳುವಂತೆ ಟೈಮರನ್ನು ನಿಲ್ಲಿಸಬೇಕು. ಮ್ಯಾಗ್ನೆಟೊ ಇರುವ ಯಂತ್ರದ ಕ್ರಮವೇ ಬೇರೆ. ಇಂಥವುಗಳಿಗೆ ಸಾಮಾನ್ಯವಾಗಿ ಸೇರಿಸುವ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗಿನ ಜೋಡಣೆಯು ಮೊದಲು ಬಿಗಿದುಕೊಂಡು ತಟ್ಟನೆ ಬಿಡುವುದು. ಇದರಿಂದ ಕಿಡಿಯು ತಡವಾಗಿಯೂ ಬಲವಾಗಿಯೂ ಬೀಳುತ್ತದೆ. ಒಂದನೆಯ ಪಿಸ್ಟನ್ನನ್ನು ಒತ್ತುವ ಹೊಡೆತದ ತುದಿಗೆ ತಂದು, ಆ ಬಿಡುಗಡೆಯ ಸದ್ದನ್ನು ಅದಕ್ಕೆ ಕೂಡಿಸಿ ಬಿಗಿಯುವುದೇ ಇಲ್ಲಿಯ ಕಾಲನಿರ್ಣಯ.

ಎಫ್ ಮಾದರಿಯ ಸುರುಳಿಪೆಟ್ಟಿಗೆಯನ್ನು ಕಿತ್ತು, ಈಚಿನ ಮ್ಯಾಗ್ನೆಟೊವನ್ನು ತೊಡಿಸಿ ಸುಲಭವಾಗಿ ಓಡಿಸುವ ರೂಢಿಯುಂಟು. ಹೊಲದ ಕೆಲಸಕ್ಕೆ ಅದು ಸಲ್ಲತಕ್ಕದ್ದೇ. ಇತಿಹಾಸದ ದೃಷ್ಟಿಯಿಂದ ಮಾತ್ರ, ಅದು ಸವೆದ ಶಾಸನದ ಮೇಲೆ ಹೊಸ ಅಕ್ಷರಗಳನ್ನು ಕೆತ್ತಿದಂತೆ. ಕಿಡಿಯ ಕಾಲವನ್ನು ಒಕ್ಕಲಿಗನ ಕೈಯೇ ಅಳೆಯುತ್ತಿದ್ದ ಕೆಲವು ವರ್ಷಗಳಿಗೆ ಆ ಪೆಟ್ಟಿಗೆಯೂ ಸನ್ನೆಯೂ ಪ್ರತ್ಯಕ್ಷ ಪ್ರಮಾಣಗಳು. ಅವು ಹೋದರೆ ಯಂತ್ರವು ಉಳಿದರೂ ಸಾಕ್ಷ್ಯವು ಉಳಿಯದು.