ಹ್ಯಾಂಡಲ್‌ನಿಂದ ಸ್ವಿಚ್‌ವರೆಗೆ: ಕಾರಿನ ಬಾಗಿಲೊಳಗೊಂದು ಇತಿಹಾಸ

ಇವತ್ತಿನ ಸಂಚಿಕೆ ಕಾರಿನ ಬಾಗಿಲ ಬಗ್ಗೆ. ಎಂಜಿನ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮೈಲೇಜ್ ಬಗ್ಗೆ ಇನ್ನೂ ಜಾಸ್ತಿ. ಆದರೆ ಡೋರ್ ಪ್ಯಾಡ್ ಹಿಂದೆ ಏನಿದೆ ಅಂತ ಕೇಳಿ, ಹೆಚ್ಚಿನವರು ಸುಮ್ಮನಾಗ್ತಾರೆ. ಗಾಜು ಅರ್ಧಕ್ಕೆ ನಿಂತಾಗ, ಸೆಂಟರ್ ಲಾಕ್ ಕೈಕೊಟ್ಟಾಗ ಮಾತ್ರ ಅದರ ನೆನಪು. ಆ ಬಾಗಿಲೊಳಗೆ ಎಂಟು ದಶಕಕ್ಕೂ ಹೆಚ್ಚಿನ ಕಥೆ ಇದೆ. ಅದನ್ನು ಶಿಡ್ಲಘಟ್ಟದಿಂದ ಶುರು ಮಾಡೋಣ.

ಯಾಕೆ ಶಿಡ್ಲಘಟ್ಟ ಅಂತೀರಾ? ಅದು ರೇಷ್ಮೆಯ ಊರು. ಅಲ್ಲಿನ ಹಳೇ ಚರಕದ ಮುಂದೆ ಇಬ್ಬರು ಕೂರ್ತಿದ್ದರು. ಒಬ್ಬರು ಬಿಸಿನೀರಿನ ಗೂಡಿನಿಂದ ಎಳೆ ಹಿಡಿದರೆ, ಇನ್ನೊಬ್ಬರು ಹಿಡಿ ತಿರುಗಿಸ್ತಿದ್ದರು, ನೂಲು ರಾಟೆಗೆ ಸುತ್ತಿಕೊಳ್ತಿತ್ತು. ಆಮೇಲೆ ಕಾಟೇಜ್ ಬೇಸಿನ್ ಬಂತು, ತಿರುಗಿಸೋ ಕೆಲಸ ಮೋಟಾರ್‌ಗೆ ಹೋಯ್ತು. ಈಗ ಆಟೊಮ್ಯಾಟಿಕ್ ರೀಲಿಂಗ್ ಮೆಷಿನ್‌ಗಳೂ ಇವೆ. ಆದರೆ ಗೂಡಿನಿಂದ ನೂಲು ಬಿಚ್ಚುವ ಮೂಲ ಕೆಲಸ ಅದೇ. ನೂಲು ಕಡಿದರೆ ಎಲ್ಲಿ ಕಡಿಯಿತು ಅಂತ ನೋಡಿ ಕಟ್ಟುವುದು ಗೊತ್ತಿರಬೇಕು. ಕಾರಿನ ಕಿಟಕಿಯ ಕಥೆಯೂ ಹೆಚ್ಚುಕಮ್ಮಿ ಹೀಗೇ.

ನಿಮ್ಮ ಅಜ್ಜನ ಕಾಲದ ಕಾರುಗಳನ್ನು ನೆನಪಿಸಿಕೊಳ್ಳಿ. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇನ್ನೊಂದು ಪ್ರೀಮಿಯರ್ ಪದ್ಮಿನಿ, ನಮ್ಮ ಜನರ ಬಾಯಲ್ಲಿ ‘ಫಿಯೆಟ್’. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಈ ಕಾರುಗಳ ಬಾಗಿಲಲ್ಲಿ ಇದ್ದದ್ದು ಕೈಯಲ್ಲಿ ತಿರುಗಿಸೋ ಹ್ಯಾಂಡಲ್. ಅದನ್ನು ತಿರುಗಿಸಿದರೆ ಒಳಗೆ ಹಲ್ಲುಚಕ್ರ ತಿರುಗಿ, ಕಬ್ಬಿಣದ ತೋಳು ಗಾಜನ್ನು ಎತ್ತುತ್ತಿತ್ತು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಅದು ‘ಗ್ಲಾಸ್ ಮೆಷಿನ್’. ಸ್ಕ್ರೂಡ್ರೈವರ್ ಇದ್ದವರು ಮನೆಯಂಗಳದಲ್ಲೇ ಪ್ಯಾಡ್ ಬಿಚ್ಚಿ, ಗ್ರೀಸ್ ಹಾಕಿ ಮುಚ್ಚಬಹುದಿತ್ತು.

ಹೊರದೇಶದಲ್ಲಿ ಬಟನ್ ಬಹಳ ಮೊದಲೇ ಬಂದಿತ್ತು. 1940ರ ಸುಮಾರಿಗೆ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ದುಬಾರಿ ಕಾರಿಗೆ ಪವರ್ ವಿಂಡೋ ಕೊಟ್ಟಿತು. ಅದು ಪೂರ್ತಿ ಕರೆಂಟಿನದಲ್ಲ, ಎಣ್ಣೆಯ ಒತ್ತಡದಿಂದ ಗಾಜು ಎತ್ತುವ ವ್ಯವಸ್ಥೆ. 1951ರಲ್ಲಿ ಕ್ರೈಸ್ಲರ್‌ನ ಇಂಪೀರಿಯಲ್‌ನಲ್ಲಿ ಪೂರ್ತಿ ವಿದ್ಯುತ್ ಕಿಟಕಿ ಬಂತು. ರಿಮೋಟ್ ಲಾಕ್ ಪ್ರಸಿದ್ಧವಾಗಿದ್ದು 1980ರ ದಶಕದ ಆರಂಭದಲ್ಲಿ, ಫ್ರಾನ್ಸಿನ ರೆನೋ ಫ್ಯೂಗೋ ಕಾರಿನಿಂದ.

ನಮ್ಮಲ್ಲಿ? 1991ರ ಉದಾರೀಕರಣದ ನಂತರ ಮಾರುತಿ ಎಸ್ಟೀಮ್, ಡೇವೂ ಸಿಯೆಲೋ ಥರದ ಕಾರುಗಳ ಮೇಲ್ದರ್ಜೆಯ ಮಾಡೆಲ್‌ಗಳಲ್ಲಿ ಪವರ್ ವಿಂಡೋ ಬಂತು. ಅಗ್ಗದ ಮಾಡೆಲ್ ತಗೊಂಡವರೂ ಸುಮ್ಮನಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪವರ್ ವಿಂಡೋ ಕಿಟ್, ಸೆಂಟರ್ ಲಾಕ್ ಕಿಟ್ ಸಿಗುತ್ತಿದ್ದವು. ಹ್ಯಾಂಡಲ್ ತೆಗೆದು, ಅದೇ ಬಾಗಿಲಿಗೆ ಮೋಟಾರ್ ಕೂರಿಸಿದರೆ ಆಯ್ತು.

ಇಲ್ಲಿದೆ ನೋಡಿ ಮುಖ್ಯ ವಿಷಯ. ಹ್ಯಾಂಡಲ್ ತೆಗೆದು ಮೋಟಾರ್ ಕೂರಿಸಲು ಆಗುತ್ತಿತ್ತು ಅಂದರೆ, ಒಳಗಿನ ತತ್ವ ಬದಲಾಗಿರಲಿಲ್ಲ ಅಂತ ಅರ್ಥ. ಇವತ್ತಿನ ಬಹುಪಾಲು ಕಾರುಗಳಲ್ಲಿ ಮೋಟಾರ್ ಒಂದು ಪುಟ್ಟ ಡ್ರಮ್ ತಿರುಗಿಸುತ್ತೆ, ಡ್ರಮ್‌ಗೆ ತೆಳು ಉಕ್ಕಿನ ಕೇಬಲ್ ಸುತ್ತಿಕೊಳ್ಳುತ್ತೆ, ಕೇಬಲ್ ಗಾಜನ್ನು ಎಳೆಯುತ್ತೆ. ಲಾಕ್ ಕೂಡ ಹಾಗೇ. ಹಿಂದೆ ಬೆರಳಲ್ಲಿ ಒತ್ತುತ್ತಿದ್ದ ಗುಬುಟಿನ ಕಂಬಿಯನ್ನೇ ಈಗ ಒಂದು ಸಣ್ಣ ಮೋಟಾರ್ ಎಳೆಯುತ್ತೆ ಅಥವಾ ತಳ್ಳುತ್ತೆ.

ಹಾಗಾಗಿ ಕೆಟ್ಟಾಗ ಯೋಚಿಸೋ ದಾರಿಯೂ ಹಳೇದೇ: ಎಲ್ಲಿ ಕಡಿಯಿತು? ನಾಲ್ಕೂ ಗಾಜು ನಿಂತರೆ ಮೊದಲು ಫ್ಯೂಸ್ ನೋಡಿ. ಡ್ರೈವರ್ ಗಾಜು ಮಾತ್ರ ಓಡುತ್ತಿದ್ದರೆ, ಡ್ರೈವರ್ ಬಾಗಿಲ ವಿಂಡೋ ಲಾಕ್ ಬಟನ್ ಒತ್ತಿರಬಹುದು, ಎಷ್ಟೋ ಸಲ ಅಷ್ಟೇ ಇರುತ್ತೆ. ಡ್ರೈವರ್ ಸ್ವಿಚ್‌ನಿಂದ ಇಳಿಯುವ ಗಾಜು ತನ್ನದೇ ಬಾಗಿಲ ಸ್ವಿಚ್‌ಗೆ ಜಗ್ಗದಿದ್ದರೆ ತಪ್ಪು ಸ್ವಿಚ್‌ನದಿರಬಹುದು. ಮೋಟಾರ್ ಸದ್ದು ಕೇಳಿಸಿಯೂ ಗಾಜು ಕದಲದಿದ್ದರೆ ಕೇಬಲ್ ಅಥವಾ ಪ್ಲಾಸ್ಟಿಕ್ ಗೈಡ್ ಹೋಗಿರಬಹುದು. ಗಾಜು ನಿಧಾನವಾಗಿ, ಒದ್ದಾಡಿಕೊಂಡು ಏರುತ್ತಿದ್ದರೆ ಗ್ಲಾಸ್ ರಬ್ಬರ್‌ನಲ್ಲಿ ಧೂಳು ಕೂತಿರಬಹುದು. ಬಯಲುಸೀಮೆಯ ರಸ್ತೆಯಲ್ಲಿ ಇದು ಮಾಮೂಲಿ. ಒದ್ದೆ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್ ಬೇಡ, ಧೂಳು ಇನ್ನೂ ಅಂಟುತ್ತೆ. ರಿಮೋಟ್‌ಗೆ ಜಗ್ಗದ ಲಾಕ್ ಕೀಲಿಗೆ ತೆರೆದರೆ ರಿಮೋಟಿನ ಸೆಲ್ ಬದಲಿಸಿ ನೋಡಿ. ಉಳಿದ ಮೂರು ಸರಿಯಿದ್ದು ಒಂದೇ ಬಾಗಿಲು ಲಾಕ್ ಆಗದಿದ್ದರೆ ಆ ಬಾಗಿಲ ಮೋಟಾರ್ ಕಡೆ ಗಮನ ಕೊಡಿ.

ಪ್ಯಾಡ್ ಬಿಚ್ಚೋ ಮೊದಲು ಮೂರು ಮಾತು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಜನ್ನು ಮೇಲಕ್ಕೆತ್ತಿ ಟೇಪ್ ಹಾಕಿ ನಿಲ್ಲಿಸಿ, ಇಲ್ಲದಿದ್ದರೆ ಕೈಮೇಲೆ ಬೀಳುತ್ತೆ. ಬಾಗಿಲೊಳಗೆ ಏರ್‌ಬ್ಯಾಗಿಗೆ ಸೇರಿದ ಸೆನ್ಸರ್ ಇರುವ ಕಾರಾದರೆ ಬಲ್ಲ ಮೆಕ್ಯಾನಿಕ್‌ಗೇ ಬಿಡಿ.

ಇಷ್ಟೆಲ್ಲಾ ಯಾಕೆ ಗೊತ್ತಿರಬೇಕು? ಯಾಕಂದರೆ ಬಾಗಿಲು ಅಂದರೆ ಹೊರಗೆ ಬರುವ ದಾರಿ. ಒತ್ತಿದರೆ ಗಾಜು ಏರುವ ಹಳೇ ಸ್ವಿಚ್ ಮೇಲೆ ಮಗು ಮೊಣಕಾಲೂರಿದರೆ ಕುತ್ತಿಗೆ ಸಿಕ್ಕಿಕೊಳ್ಳುವ ಅಪಾಯ ಇತ್ತು. ಅದಕ್ಕೇ ಅಮೆರಿಕ 2005ರ ಕಾನೂನಿನಲ್ಲಿ, ಮೇಲಕ್ಕೆ ಎಳೆದರೆ ಮಾತ್ರ ಏರುವ ಸ್ವಿಚ್ ಬೇಕು ಅಂತು. ನಮ್ಮಲ್ಲಿ 2019ರಿಂದ ಹೊಸ ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು ಅನ್ನೋ ನಿಯಮ ಬಂತು, ಹಿಂದೆ ಕೂತವರು ಒಳಗಿನಿಂದ ಬಾಗಿಲು ತೆಗೆಯಲಾಗದೆ ಸಿಕ್ಕಿಬೀಳಬಾರದು ಅಂತ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಮುಳುಗಿ 22 ವರ್ಷದ ಯುವತಿಯೊಬ್ಬರು ತೀರಿಕೊಂಡರು. ಆ ದಿನ ಊರಿಗೆಲ್ಲ ಕಾರಿನ ಬಾಗಿಲ ನೆನಪಾಯ್ತು. ಹೊರಗೆ ನೀರು ಏರಿದರೆ ಅದರ ಒತ್ತಡಕ್ಕೆ ಬಾಗಿಲು ತಳ್ಳೋಕೆ ಆಗಲ್ಲ. ನೀರು ಕಂಡ ಕೂಡಲೇ, ಕರೆಂಟ್ ಇರುವಾಗಲೇ ಗಾಜು ಇಳಿಸಬೇಕು. ‘ನಾಳೆ ಮಾಡಿಸೋಣ’ ಅಂತ ಬಿಟ್ಟ ಗಾಜು ಆ ಹೊತ್ತಿಗೆ ಇಳಿಯೋದಿಲ್ಲ.

ಒಂದು ತೊಡಕು ಮಾತ್ರ ನಿಜ. ಹರಿದ ಕೇಬಲ್ಲೊಂದನ್ನೇ ಬದಲಿಸೋ ಬದಲು, ಮೋಟಾರ್ ಸಮೇತ ಇಡೀ ಸೆಟ್ ಹಾಕಿಸಿ ಅನ್ನೋದು ಈಗ ರೂಢಿ. ಕೇಂದ್ರ ಸರ್ಕಾರ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ. ಆದರೆ ಹಕ್ಕು ಕೇಳೋಕೆ ಮೊದಲು ಏನು ಕೆಟ್ಟಿದೆ ಅಂತ ನಮಗೆ ಗೊತ್ತಿರಬೇಕಲ್ವಾ?

ಈ ಭಾನುವಾರ ನಿಮ್ಮ ಮನೆ ಕಾರಿನ ನಾಲ್ಕೂ ಗಾಜು ಒಮ್ಮೆ ಪೂರ್ತಿ ಇಳಿಸಿ, ಏರಿಸಿ. ನಾಲ್ಕೂ ಬಾಗಿಲನ್ನು ಒಳಗಿನಿಂದ ತೆಗೆದು ನೋಡಿ. ಹತ್ತು ನಿಮಿಷದ ಕೆಲಸ. ಮುಂದಿನ ಸಂಚಿಕೆಯಲ್ಲಿ ಸಿಗೋಣ.